ಗಿಣಿ ಆರಿಸಿದ ವಿಲನ್

"ಇಂವಾ ಯಾರು?" ಪಾನ್ ಅಂಗಡಿ ಶಾಂತಪ್ಪ ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ಕೇಳಿದ.

"ಹೀರೋ ರೀ," ಅಂದಳು ಅಬೇದಾ.

"ಅದು ನನಗೂ ಕಾಣತೈತಿ. ಯಾವುದಕ್ಕ ಇಟ್ಟೀ?"

"ಲಗ್ನಕ್ಕ ರೀ. ಈ ಕಾರ್ಡ್ ಬಂದ್ರ ಲಗ್ನ ಆಗತೈತಿ."

"ಇಂವಾ ಲಗ್ನ ಆಗೂದು ಪಿಚ್ಚರ್ ಮುಗಿಯೂ ಹೊತ್ತಿಗೆ. ಅಲ್ಲೀತನಕಾ ಬರೇ ಗಿಡಾ ಸುತ್ತತಾನ. ಯಾವ ಮಾವ ತಡಕೋತಾನ? ನಾಪಾಸು!"

ಶಾಂತಪ್ಪ ಊರಿನ ಟಾಕೀಸುಗಳಿಗೆ ಬಂದ ಪ್ರತಿ ಪಿಚ್ಚರನ್ನೂ ನೋಡಿದ್ದ, ಕೆಲವನ್ನು ನಾಲ್ಕು ಸಲ. ಸಿದ್ಧೇಶ್ವರ ಗುಡಿ ಸುತ್ತಲಿನ ಬಜಾರಿನಲ್ಲಿ ಇಷ್ಟು ಓದಿದವರು ಬೇರೆ ಯಾರೂ ಇರಲಿಲ್ಲ. ಹಾಗಾಗಿ ಅವನನ್ನು ಪರೀಕ್ಷಕನನ್ನಾಗಿ ಯಾರೂ ನೇಮಿಸಬೇಕಾಗಲಿಲ್ಲ. ಅವನೇ ನೇಮಿಸಿಕೊಂಡಿದ್ದ.

ಅಬೇದಾಳ ಅಜ್ಜ ಲಾಲಸಾಬ ಅಲ್ಲೇ ಬೇವಿನ ಮರದ ಕೆಳಗೆ ಕೂತು ಗಿಣಿಶಾಸ್ತ್ರ ಹೇಳುತ್ತಿದ್ದ. ಗಿಣಿ ಪಂಜರದಿಂದ ಹೊರಗೆ ಬಂದು, ಸಾಲಾಗಿ ಇಟ್ಟ ಕಾರ್ಡುಗಳಲ್ಲಿ ಒಂದನ್ನು ಎಳೆಯುತ್ತಿತ್ತು. ಅದರ ಮೇಲಿನ ದೇವರ ಚಿತ್ರ ನೋಡಿ ಅಜ್ಜ ಭವಿಷ್ಯ ಹೇಳುತ್ತಿದ್ದ.

ಹೋದ ವಾರ ಅರಕೇರಿಯ ಅಮೋಘಿಯ ಆಡು ಬಂದು ಆ ಕಾರ್ಡುಗಳನ್ನೆಲ್ಲ ತಿಂದುಹಾಕಿತು. ಲಕ್ಷ್ಮಿ ಹೋದಳು, ಗಣಪತಿ ಹೋದ, ಒಟ್ಟು ಇಪ್ಪತ್ತಾರು ದೇವರು ಹೋದರು. ಶನಿ ಮಾತ್ರ ಉಳಿದ.

"ಆಡು ಸೈತ ಶನಿಗೆ ಅಂಜತೈತಿ ನೋಡ್ರಿ!" ಎಂದು ಬಜಾರೆಲ್ಲ ಬೆರಗಾಯಿತು. ಊರಿನವರ ನಾಳೆಯನ್ನೆಲ್ಲ ಬಲ್ಲ ಗಿಣಿಗೆ ಎದುರಿಗೇ ಬರುತ್ತಿದ್ದ ಆಡು ಯಾಕೆ ಗೊತ್ತಾಗಲಿಲ್ಲ ಎಂದು ಯಾರೂ ಕೇಳಲಿಲ್ಲ.

"ಇನ್ನ ಸಾಕು," ಅಂದಿದ್ದ ಅಜ್ಜ. "ಗಿಣೀನ ಬಬಲೇಶ್ವರಕ್ಕ ನಿಮ್ಮ ಹುಸೇನಬಿ ಅತ್ತಿ ಮನಿಗೆ ಕೊಟ್ಟಬಿಡತೀನಿ."

ಹುಸೇನಬಿ ಅತ್ತೆಯ ಮನೆಯಲ್ಲಿ ಎರಡು ಬೆಕ್ಕುಗಳಿದ್ದವು. ಎರಡೂ ಒಳ್ಳೆ ದಷ್ಟಪುಷ್ಟ.

ಅದಕ್ಕೇ ಅಬೇದಾ ಎರಡು ದಿನ ಕೂತು ಹೊಸ ಕಾರ್ಡು ಮಾಡಿದ್ದಳು. ಅವಳ ಕಾಕಾ ನಿಜಾಮುದ್ದೀನ ಟಾಕೀಸಿನ ಪೋಸ್ಟರ್ ಅಂಟಿಸುವವನು. ಹರಿದ ಪೋಸ್ಟರುಗಳನ್ನೂ ಒಂದು ಡಬ್ಬಿ ಜೋಳದ ಹಿಟ್ಟಿನ ಅಂಟನ್ನೂ ಅವನೇ ಕೊಟ್ಟ. ದೇವರು ಸಿಗಲಿಲ್ಲ, ಸಿನೆಮಾದವರು ಸಿಕ್ಕರು.

ಶಾಂತಪ್ಪನ ಪರೀಕ್ಷೆ ಮುಂದುವರಿಯಿತು.

"ಈ ತಾಯಿ ಯಾವುದಕ್ಕ?"

"ಆರೋಗ್ಯಕ್ಕ ರೀ."

"ಪಿಚ್ಚರ್ ತುಂಬಾ ಕೆಮ್ಮತಾಳ ಈಕಿ! ನಾಪಾಸು. ಇವರು?"

"ಸಣ್ಣವರಿದ್ದಾಗ ಕಳದು, ಮತ್ತ ಸಿಕ್ಕ ಅಣ್ಣತಮ್ಮರು."

"ಇಪ್ಪತ್ತು ವರ್ಷ ಎದುರಾಬದರು ಬಡದಾಡತಾರ, ಗುರ್ತು ಹತ್ತೂದಿಲ್ಲ. ಇರಲಿ, ಅರ್ಧಾ ಪಾಸು. ಇಂವಾ ಪೋಸ್ಟಮನ್ನ? ಇಂಟರ್ವಲ್‌ಕ್ಕ ತರಬೇಕಾದ ಪತ್ರ ಕಡೀ ರೀಲಿನ್ಯಾಗ ತರತಾನ." ಶಾಂತಪ್ಪ ಒಂದು ಗಳಿಗೆ ಯೋಚಿಸಿದ. "ಆದ್ರ ತರತಾನ. ಪಾಸು."

ಕೊನೆಗೆ ವಿಲನ್ ಬಂದ. ಅವನ ಪೋಸ್ಟರು ಮೂರು ತುಂಡಾಗಿತ್ತು. ಅಬೇದಾ ಅಂಟನ್ನು ಮೆತ್ತಿ ಮೆತ್ತಿ ಜೋಡಿಸಿದ್ದಳು. ಮೀಸೆಗಂತೂ ಎರಡು ಸಲ ಬಳಿದಿದ್ದಳು.

"ಇಂವಾ ವೈರಿ. ಕೇಳೂದ ಬ್ಯಾಡ, ಪಾಸು!"

"ಮಾತು ಸಾಕು," ಅಂದ ಅಜ್ಜ. "ಇವತ್ತೊಂದು ದಿನ ನೋಡೂಣು. ನಡೀಲಿಲ್ಲಂದ್ರ ಬಬಲೇಶ್ವರದ ಬಸ್ಸು."

ಮೊದಲ ಗಿರಾಕಿ ಶಾಂತಪ್ಪನೇ. ಗಿಣಿ ಹೊರಗೆ ಬಂತು. ಹೀರೋನನ್ನು ದಾಟಿತು, ತಾಯಿಯನ್ನು ದಾಟಿತು, ವಿಲನ್‌ನನ್ನು ಎಳೆಯಿತು.

ನಿಂತವರೆಲ್ಲ ನಕ್ಕರು. ಅಜ್ಜ ಕಾರ್ಡು ನೋಡಲಿಲ್ಲ, ಶಾಂತಪ್ಪನ ಮುಖ ನೋಡಿದ. "ನಿಮ್ಮ ಅಂಗಡಿ ಎದರಿಗೆ ಒಬ್ಬಾಂವ ಹೊಸಾ ಅಂಗಡಿ ಹಾಕ್ಯಾನಲ್ರಿ, ಅಂವಾ ಇಂವಾ. ಪಿಚ್ಚರ್ ಮುಗಿಯೂದ್ರಾಗ ವಿಲನ್ ಸೋಲತಾನ ಬಿಡ್ರಿ."

"ಖರೇ ಹೇಳತೈತಿ ಗಿಣಿ!" ಎಂದ ಶಾಂತಪ್ಪ. ಇಷ್ಟು ಶಾಸ್ತ್ರಬದ್ಧವಾದ ಭವಿಷ್ಯವನ್ನು ಅವನು ಹಿಂದೆಂದೂ ಕೇಳಿರಲಿಲ್ಲ.

ಆಮೇಲೆ ಬೆಲ್‌ಬಾಟಮ್ ಹಾಕಿದ ಕಾಲೇಜು ಹುಡುಗ ಬಂದ. ಮತ್ತೆ ವಿಲನ್. "ನಿನ್ನ ವಿಲನ್ ಇಂಗ್ಲೀಷು," ಅಂದ ಅಜ್ಜ. ಹುಡುಗ ಗಾಬರಿಯಾಗಿ ಹೌದೆಂದ. ಟಿಕೋಟಾದ ದ್ರಾಕ್ಷಿ ತೋಟದವನಿಗೂ ವಿಲನ್ ಬಂದ.

"ಏ ಅಜ್ಜಾ, ನಿನ್ನ ಗಿಣಿಗೆ ಬ್ಯಾರೆ ಯಾರೂ ಗುರ್ತ ಇಲ್ಲೇನು?" ಯಾರೋ ಕೂಗಿದರು.

ಅಬೇದಾಳ ಕಣ್ಣ ಮುಂದೆ ಎರಡು ಬೆಕ್ಕು ಕಂಡವು.

ಅಷ್ಟರಲ್ಲಿ ಇಟ್ಟಂಗಿಹಾಳದ ಮಾಳವ್ವ ಬಂದು ಮೆಂತೆ ಪಲ್ಯೆಯ ಬುಟ್ಟಿ ಇಳಿಸಿದಳು. "ಮಗಾ ಮಿಲ್ಟ್ರಿಗೆ ಹೋಗ್ಯಾನರಿ. ಮೂರು ತಿಂಗಳಾತು, ಪತ್ರ ಇಲ್ಲ. ಗಿಣಿ ಏನ್ ಹೇಳತೈತಿ ನೋಡ್ರಿ."

ಗಿಣಿ ನೇರ ಹೋಗಿ ವಿಲನ್‌ನನ್ನೇ ಎಳೆಯಿತು. ಈ ಸಲ ಯಾರೂ ನಗಲಿಲ್ಲ. ಮಾಳವ್ವನ ಮುಖ ಬಾಡಿತು.

ಅಜ್ಜ ಕಾರ್ಡನ್ನು ಕೈಗೆತ್ತಿಕೊಂಡ. ಆಮೇಲೆ ಮೆಲ್ಲಗೆ, "ಯವ್ವಾ, ಇಂವಾ ಬಂದಾನಂದ್ರ ಪಿಚ್ಚರ್ ಇನ್ನೂ ಅರ್ಧಾನ ಆಗೇತಿ ಅಂತ ಅರ್ಥ. ಅರ್ಧಕ್ಕ ಎದ್ದು ಹೋಗಬಾರದು. ನಾಳೆ ಮತ್ತ ಬಾ," ಅಂದ.

ಮಾಳವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಬರತೀನ್ರಿ," ಎಂದು ಬುಟ್ಟಿ ಎತ್ತಿಕೊಂಡಳು.

ಸಂಜೆ ಮನೆಯಲ್ಲಿ ಅಜ್ಜ, "ನಾಳೆ ಮಾಳವ್ವಗ ಮತ್ತ ಈ ವಿಲನ್ನ ಬಂದ್ರ ನಾ ಏನ್ ಹೇಳ್ಲಿ? ಮಧ್ಯಾಹ್ನದ ಬಸ್ಸಿಗೆ ಗಿಣಿ ಬಿಟ್ಟು ಬರತೀನಿ," ಅಂದ.

ಅಬೇದಾ ವಿಲನ್ ಕಾರ್ಡು ಎತ್ತಿಕೊಂಡಳು. ವಿಲನ್‌ಗೆ ಮೀಸೆಯೇ ಇರಲಿಲ್ಲ! ಜೋಳದ ಅಂಟು ದಪ್ಪಗಿದ್ದಲ್ಲೆಲ್ಲ ಗಿಣಿ ಕೊಕ್ಕಿನಿಂದ ಕೆರೆದು ತಿಂದು ಚೊಕ್ಕ ಮಾಡಿತ್ತು.

ಅವಳು ಹೋಗಿ ಹಳೆಯ ಶನಿಯನ್ನು ತಂದಳು. ಹನ್ನೆರಡು ವರ್ಷದ ಕಾರ್ಡು, ಒಂದು ಮೂಲೆಯೂ ಮುಕ್ಕಾಗಿರಲಿಲ್ಲ. ಲಕ್ಷ್ಮಿಯ ಕಾರ್ಡು ಹೇಗಿತ್ತು? ಮೂಲೆಗಳನ್ನೆಲ್ಲ ಗಿಣಿ ಕಚ್ಚಿ ಕಚ್ಚಿ ದುಂಡಗೆ ಮಾಡಿತ್ತು. ಆಡು ತಿಂದದ್ದೂ ಅಂಥ ಕಾರ್ಡುಗಳನ್ನೇ.

ಅವಳು ಅಜ್ಜನ ಕಡೆ ನೋಡಿದಳು. ಅವನ ಹೆಬ್ಬೆರಳ ಉಗುರಿನ ಸಂದಿಯಲ್ಲಿ, ದಿನಾ ಇರುವ ಹಾಗೆ, ಬೆಳ್ಳಗೆ ಜೋಳದ ಹಿಟ್ಟು ಇತ್ತು. ಅವನು ಎಂದೂ ರೊಟ್ಟಿ ಬಡಿದವನಲ್ಲ.

ಅಜ್ಜ ಬೆರಳು ಮಡಚಿಕೊಂಡ.

ಅಬೇದಾ ಒದ್ದೆ ಬಟ್ಟೆಯಿಂದ ಎಲ್ಲ ಕಾರ್ಡುಗಳ ಅಂಚು ಒರೆಸಿದಳು. ಅಂಟಿನ ಡಬ್ಬಿಗೆ ಬೆರಳು ಅದ್ದಿ, ಕಳೆದು ಸಿಕ್ಕ ಅಣ್ಣತಮ್ಮರ ಕಾರ್ಡು ಎತ್ತಿದಳು.

"ಅದು ಬ್ಯಾಡವಾ," ಅಂದ ಅಜ್ಜ. "ಅಷ್ಟು ದೊಡ್ಡ ಮಾತು ಹೇಳಾಕ ನಮಗೇನ್ ಗೊತ್ತೈತಿ?"

ಅವಳು ಅದನ್ನು ಕೆಳಗಿಟ್ಟು ಪೋಸ್ಟಮನ್ನನನ್ನು ಎತ್ತಿದಳು. "ಇಂವಾ ತಡಾ ಮಾಡತಾನ, ಅಜ್ಜಾ."

"ಹೂಂ. ಅಷ್ಟು ಹೇಳಬಹುದು."

ಪೋಸ್ಟಮನ್ನನ ಟೊಪ್ಪಿಗೆಗೆ ಅವಳು ಅಂಟು ಹಚ್ಚತೊಡಗಿದಳು.

"ಸಾಕು, ಸಾಕು. ಹೊಟ್ಟಿ ತುಂಬಿತಂದ್ರ ಅದಕ್ಕ ಭವಿಷ್ಯ ಕಾಣೂದಿಲ್ಲ."

ಅಬೇದಾ ಒಂದು ಜೋಳದ ಕಾಳಿನಷ್ಟು ಮಾತ್ರ ಉಳಿಸಿ ಮಿಕ್ಕದ್ದನ್ನು ಒರೆಸಿದಳು. ಪಂಜರದ ಗಿಣಿ ತಲೆ ಓರೆ ಮಾಡಿ, ಎಲ್ಲವನ್ನೂ ಬಲು ಗಮನವಿಟ್ಟು ನೋಡುತ್ತಿತ್ತು.