ಎಡಗಡೆಯ ಬೀರು

ಬೀಗದಂಗಡಿಯವನು ಕೌಂಟರಿನ ಹಿಂದೆ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದು ಹೋಗಿತ್ತು. ಪಕ್ಕದಲ್ಲೇ ಅವನ ಸುತ್ತಿಗೆ, ಕೂದಲು ಅಂಟಿಕೊಂಡು.

ಗೋಡೆಗೆ ಒಂದೇ ಥರದ ಎರಡು ಬೀರು. ಎರಡನ್ನೂ ಮೀಟಿದ್ದರು. ರಕ್ತದ ಹೆಜ್ಜೆ ಮೊದಲು ಎಡಕ್ಕೆ ಹೋಗಿ, ಆಮೇಲೆ ಬಲಕ್ಕೆ ತಿರುಗಿತ್ತು. ಎಡದಲ್ಲಿ ಬರೀ ಹಳೆ ಪೇಪರ್. ಬಲದಲ್ಲಿ ಗಿರಾಕಿಗಳ ಡೂಪ್ಲಿಕೇಟ್ ಕೀಗಳು, ವಿಳಾಸದ ಚೀಟಿ ಸಮೇತ. ಒಂದು ಮೊಳೆ ಖಾಲಿ.

"ಇವನ ತಮ್ಮನದೇ ಕೆಲಸ ಮೇಡಂ," ಎಂದ ಪೇದೆ. "ನಿನ್ನೆ ಇಬ್ರಿಗೂ ಜಗಳ ಅಂತೆ. ಕೋಳ ಹಾಕಿದೀನಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಇವನು.

ತಮ್ಮ ಕೋಳದ ಕೈಗಳನ್ನು ಬೀರುಗಳತ್ತ ಚಾಚಿದ. "ಕೀ ಬಲಗಡೆ ಇರೋದು ನಂಗೊತ್ತಿಲ್ವಾ? ದಿನಾ ತೆಗೆಯೋನು ನಾನೇ. ಎಡಗಡೇದು ಯಾಕೆ ಒಡೀಲಿ?"

ಮಾತಿನಲ್ಲಿ ಹುರುಳಿತ್ತು. ಮೂಲೆಯಲ್ಲಿದ್ದ ಕ್ಯಾಮೆರಾ ತೋರಿಸಿದೆ. "ಪಾಸ್‌ವರ್ಡ್ ಏನು?"

"ಅಣ್ಣಂಗೆ ನೆನಪಿರಲ್ಲ ಅಂತ ನಾನೇ ಇಟ್ಟಿರ್ಲಿಲ್ಲ."

ಊರಿಗೆಲ್ಲ ಬೀಗ ಜಡಿಯುವ ಮನೆತನ! ನನಗೆ ಮೈಯೆಲ್ಲ ಉರಿಯಿತು.

* * *

ಅಂಗಡಿಯ ಹೆಸರು ಹಾಕಿ ಮೊಬೈಲಿನಲ್ಲಿ ನೆಟ್ ಹುಡುಕಿದೆ. ಕ್ಯಾಮೆರಾದ ಚಿತ್ರಗಳ ಫೋಲ್ಡರು ಹಾರು ಹೊಡೆದ ಬಾಗಿಲಿನಂತೆ ತೆರೆದುಕೊಂಡಿತು. ಕೊಲೆಯ ಚಿತ್ರ ಇರಲಿಲ್ಲ; ಹೊರಗೇ ವೈರು ಕತ್ತರಿಸಿದ್ದರು. ನಿನ್ನೆಯ ಚಿತ್ರ ನೋಡಿ ಬೆಚ್ಚಿದೆ. ಕೀ ಬೀರು ಎಡಗಡೆ ಕಾಣುತ್ತಿತ್ತು! ಕನ್ನಡಿಯ ಹಾಗೆ ಎಲ್ಲವೂ ಅದಲುಬದಲು.

ಚಿತ್ರದಲ್ಲಿ ಬಿಳಿ ಸಮವಸ್ತ್ರದ ಹೆಂಗಸು ನಿಂತಿದ್ದಳು. ಅಂಗಡಿಯವನು ಈಗ ಖಾಲಿಯಾದ ಆ ಮೊಳೆಗೇ ಕೀ ಸಿಕ್ಕಿಸುತ್ತಿದ್ದ.

"ನರ್ಸ್ ಅಕ್ಕ," ಎಂದ ತಮ್ಮ. "ಗಂಡ ಸಾಯೋ ಹಾಗೆ ಹೊಡೀತಾನಂತೆ. ಅವನಿಗೆ ಗೊತ್ತಾಗದ ಹಾಗೆ ಬೇರೆ ಮನೆ ಮಾಡಿದಾರೆ. ಬೀಗ ಕೂರಿಸಿದ್ದು ನಾನೇ."

"ಬಿಚ್ಚಯ್ಯ ಕೋಳ! ಮನೆ ತೋರಿಸಲಿ!"

* * *

ಆ ಮನೆಯ ಬಾಗಿಲಲ್ಲಿ ಕೀ ನೇತಾಡುತ್ತಿತ್ತು. ಒಳಗೆ ಗಂಡ ಅವಳ ಜುಟ್ಟು ಹಿಡಿದು ಗೋಡೆಗೆ ಬಡಿಯುತ್ತಿದ್ದ. ಇನ್ನೊಂದು ಕೈಯಲ್ಲಿ ಚಾಕು. ಲಾಠಿ ಬೀಸಿದೆ. ಅವನ ಮಣಿಕಟ್ಟು ಲಟಕ್ಕೆಂದಿತು. ಅವಳ ಬಾಯಿ ತುಂಬ ರಕ್ತ, ಆದರೆ ಉಸಿರಿತ್ತು.

"ಇದು ಗಂಡ ಹೆಂಡತಿ ವಿಷಯ," ಎಂದು ಅರಚಿದ. "ಬೀಗದ ಅಂಗಡಿಗೆ ನಾನು ಯಾವತ್ತೂ ಕಾಲಿಟ್ಟೋನಲ್ಲ!"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಿದ್ದ.

"ಅಂಗಡಿ ಸುದ್ದಿ ಎತ್ತಿದ್ಯಾರು?" ಎಂದೆ. "ನೀನು ಇವತ್ತಿನ ತನಕ ಕಾಲಿಟ್ಟಿರಲಿಲ್ಲ, ಅದು ನಿಜ. ಹೊಸ ಮನೆಗೆ ಇವಳಿಗೆ ಹೊಸ ಬೀಗ ಬೇಕು ಅಂತ ಲೆಕ್ಕ ಹಾಕಿ ನೀನು ನೆಟ್‌ನಲ್ಲಿ ಬೀಗದಂಗಡಿಗಳ ಕ್ಯಾಮೆರಾ ಜಾಲಾಡಿದೆ. ಇವಳು ಕಂಡಳು. ಆದರೆ ಆ ಕ್ಯಾಮೆರಾ ಎಡಬಲ ತಿರುಗಿಸಿ ತೋರಿಸುತ್ತೆ ಕಣೋ. ಅಂಗಡಿ ಗೊತ್ತಿದ್ದವರು ಯಾರೂ ಮೊದಲು ಎಡಗಡೆ ಬೀರು ಒಡೀತಿರಲಿಲ್ಲ."

ಅವನ ಬೂಟಿನ ಅಂಚಿನಲ್ಲಿ ರಕ್ತ ಒಣಗಿ ಅಂಟಿತ್ತು.

ಹೊರಗೆ ತಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಿದ್ದ. "ಅಕ್ಕ ಬದುಕಿದಾರಾ?"

"ಬದುಕಿದಾಳೆ."

"ಪಾಸ್‌ವರ್ಡ್ ಇಡದೆ ಬಾಗಿಲು ತೆಗೆದಿಟ್ಟೋನು ನಾನೇ ಅಲ್ವಾ ಮೇಡಂ? ಅಣ್ಣನ್ನ ನಾನೇ ಕೊಂದೆ ಅಲ್ವಾ?"

"ಕೊಂದೋನು ಒಳಗಿದಾನೆ," ಎಂದೆ. ನಾನೂ ಪಕ್ಕದಲ್ಲೇ ಕೂತೆ.