ಬೆನ್ನು ತಿರುಗಿಸಿ ಕೂತವಳು

ನಾಲ್ಕೇ ಗೆರೆಯಲ್ಲಿ ಬರೆದ ಚಿತ್ರಗಳನ್ನು ಕಂಡು ಜನ ಇನ್ನೂ ನಗುತ್ತಿದ್ದ ಕಾಲ. ನನ್ನ ಗಂಡ ಹಾಗೇ ಇದ್ದಿಲಿನಲ್ಲಿ ಒಬ್ಬ ಹೆಂಗಸನ್ನು ಬರೆದರು. ಬೆನ್ನು ತಿರುಗಿಸಿ ಕೂತಿದ್ದಳು.

“ಯಾರ್ರೀ ಇವಳು?”

“ಯಾರೂ ಅಲ್ಲ ಕಣೇ, ಮನಸ್ಸಿಗೆ ಬಂದಳು.”

“ನಾನಂತೂ ಯಾವತ್ತೂ ಬರಲಿಲ್ಲ ಬಿಡಿ.”

ಅವರು ನಕ್ಕು ಆಚೆ ತಿರುಗಿದರು. ಅಂಗಿಯ ಬೆನ್ನ ಮೇಲೆ ಕರಿ ಬೆರಳಿನ ಗುರುತುಗಳಿದ್ದವು, ನನ್ನ ಬೆರಳಿಗಿಂತ ಸಣ್ಣವು. ನನಗೆ ಹೊಟ್ಟೆ ಉರಿದುಹೋಯಿತು. ಇದ್ದಿಲು ಉದುರದಂತೆ ಚಿತ್ರಕ್ಕೆ ಅಂಟಿನ ನೀರು ಸಿಂಪಡಿಸಲು ಹೇಳಿದೆ. ಒಣಗಿದ ಮೇಲೆ ಉಜ್ಜಿ ನೋಡಿದೆ. ಕೈಗೆ ಚೂರೂ ಹತ್ತಲಿಲ್ಲ. ಆದರೂ ಅವರನ್ನು ಅವಳ ಜೊತೆ ಬಿಡಲು ಮನಸ್ಸಾಗದೆ, ಮನೆಗೆ ಬೀಗ ಹಾಕಿ ಅಕ್ಕನ ಮನೆಗೆ ಎಳೆದುಕೊಂಡು ಹೋದೆ.

ಮರುದಿನ ಮಧ್ಯಾಹ್ನ ನಾನೇ ಬೀಗ ತೆಗೆದೆ. ಮಂಚದಲ್ಲಿ ನನ್ನ ದಿಂಬಿನ ಮೇಲೆ ಕೆನ್ನೆಯ ಕರಿ ಗುರುತೊಂದಿತ್ತು. ಮುಟ್ಟಿದೆ. ಇನ್ನೂ ಬೆಚ್ಚಗಿತ್ತು.