ಎರಡನೆಯ ಚಪ್ಪಡಿಯ ಕೆಳಗೆ

ಶುಚಿ ಅಶುಚಿಗಳೆರಡನ್ನೂ ಒಂದೇ ಮಡಿಲಲ್ಲಿ ಧರಿಸಿ, ಮುಚ್ಚಿಟ್ಟದ್ದಕ್ಕೂ ತೆರೆದಿಟ್ಟದ್ದಕ್ಕೂ ಸಮಸಾಕ್ಷಿಯಾಗಿ ನಿಂತ ಜಗಜ್ಜನನಿಗೆ ಮೊದಲು ವಂದನೆ, ಅನಂತರ ಕತೆ.

ಚಳ್ಳಕೆರೆಯ ಕೊಟ್ಟೂರಪ್ಪನಿಗಾದ ಅಪಮಾನ ಸಣ್ಣದಲ್ಲ. ಬನ್ನಿಕಟ್ಟೆ ಅಮ್ಮನ ಬೆಳ್ಳಿ ಮುಖವನ್ನಿಟ್ಟ ದೇವರ ಪೆಟ್ಟಿಗೆ ತಾತನ ಕಾಲದಿಂದ ಅವನ ನಡುಮನೆಯಲ್ಲಿತ್ತು. ಕಳೆದ ಯುಗಾದಿಯಂದು ಕುಲದ ಹಿರಿಯರು ಅದನ್ನೆತ್ತಿಸಿ ದಾಯಾದಿ ಪಾತಣ್ಣನ ಮನೆಗೆ ಕಳುಹಿಸಿದರು. ಅವರು ಕೊಟ್ಟ ಕಾರಣವೇ ಬಾಣದಂತೆ ನಾಟಿತ್ತು: "ಕೊಟ್ಟೂರಂಗೆ ಬಾಯಿ ಜಾಸ್ತಿ, ಭಕ್ತಿ ಕಮ್ಮಿ."

ಅವನು ಕೂಗಾಡಲಿಲ್ಲ, ಕಾದ. ಪೆಟ್ಟಿಗೆಯ ಇನ್ನೊಂದು ಹಳೆಯ ಕೀಲಿಕೈ ಅವನಲ್ಲಿಯೇ ಉಳಿದಿತ್ತು. ಪಾತಣ್ಣನ ಮಗಳ ಮದುವೆಯ ಗದ್ದಲದಲ್ಲಿ ದೇವಿಯ ಮುಖ ಕೈಸೇರಿತು. ಹುಣ್ಣಿಮೆ ಪೂಜೆಗೆ ತೆರೆದ ಪೆಟ್ಟಿಗೆ ಬರಿದಾಗಿತ್ತು. ಊರಿನ ಬಾಯಿ ಪಾತಣ್ಣನತ್ತ ತಿರುಗಿತು. ಇನ್ನೊಂದಿಷ್ಟು ಕಾಲ ಅವನು ಬೇಯಲಿ. ಆಮೇಲೆ ಗುಟ್ಟಾಗಿ ಮುಖವನ್ನು ಬನ್ನಿಮರದ ಬುಡದಲ್ಲಿ ಹೂತರಾಯಿತು; ದೇವಿ ಕೊಟ್ಟೂರಪ್ಪನ ಕನಸಿಗೆ ಬಂದು ಆ ಜಾಗ ತೋರಿಸುವಳು, ಪೆಟ್ಟಿಗೆ ಮೆರವಣಿಗೆಯಲ್ಲಿ ಅವನ ಮನೆಗೆ ಮರಳುವುದು. ಇದು ಅವನ ಲೆಕ್ಕಾಚಾರ.

ಅಡಗಿಸಿದ ಜಾಗವಂತೂ ಅವನ ಬುದ್ಧಿಯ ಕಿರೀಟ. ಹಿತ್ತಿಲಲ್ಲಿ ಹೊಸದಾಗಿ ಕಟ್ಟಿಸಿದ ಪಾಯಿಖಾನೆ ಗುಂಡಿಗೆ ಎರಡು ಕೋಣೆಗಳು, ಒಂದೊಂದರ ಮೇಲೂ ಒಂದೊಂದು ಚಪ್ಪಡಿ. ಹೊಲಸೆಲ್ಲ ಮೊದಲನೆಯದರಲ್ಲಿ. ನಡುಗೋಡೆಯ ಕಿಂಡಿಯನ್ನು ಸಿಮೆಂಟಿನಿಂದ ಮುಚ್ಚಿದ್ದರಿಂದ ಎರಡನೆಯದು ಒಣಗಿ, ಗರ್ಭಗುಡಿಯಷ್ಟು ನಿರ್ಮಲವಾಗಿತ್ತು. ಹಳದಿ ವಸ್ತ್ರದಲ್ಲಿ ಸುತ್ತಿದ ಮುಖ ಅಲ್ಲಿ ತಾಮ್ರದ ಬಿಂದಿಗೆಯೊಳಗಿತ್ತು. ಗುಮಾನಿಯಿಂದ ಹುಡುಕಲು ಬಂದ ಪಾತಣ್ಣನ ಕಡೆಯವರು ಅವನ ಅಟ್ಟ, ಕಾಳಿನ ಹಗೇವು, ಬಣವೆಗಳನ್ನೆಲ್ಲ ಜಾಲಾಡಿ ಹೋಗಿದ್ದರು. ದೇವಿಯನ್ನು ಅಂಥ ಕಡೆ ಇಡುವ ಮನುಷ್ಯನನ್ನು ಊಹಿಸುವ ಶಕ್ತಿಯೇ ಅವರಿಗಿರಲಿಲ್ಲ.

ಆಗ ಪುರಸಭೆಯ ನೋಟೀಸು ಬಂತು. ಬೀದಿಯ ಕೊಳವೆಬಾವಿಯ ನೀರು ನಾರುತ್ತಿದೆ. ಮನೆಮನೆಯ ಗುಂಡಿಯನ್ನೂ ತಪಾಸಣೆ ಮಾಡಲಾಗುವುದು.

ಬಿಂದಿಗೆಯನ್ನು ಬೇರೆಡೆ ಸಾಗಿಸುವಂತಿರಲಿಲ್ಲ. ಎದುರಿನ ಚಹದಂಗಡಿಯಲ್ಲಿ ಪಾತಣ್ಣನ ಕಡೆಯವರು ಕುಳಿತು, ಅವನ ಕೈಯ ಚೀಲ ಚೀಲವನ್ನೂ ಕಣ್ಣಲ್ಲೇ ತೂಗುತ್ತಿದ್ದರು. ಆದ್ದರಿಂದ ಅವನು ಗುಂಡಿಯನ್ನೇ ಸಜ್ಜುಗೊಳಿಸಿದ. ಸಲೀಸಾಗಿ ತೆರೆದು ತೋರಿಸಲೆಂದು ಮೊದಲ ಚಪ್ಪಡಿಯನ್ನು ಸಡಿಲಿಸಿದ. ಎರಡನೆಯದರ ಬಳಿ ಚಪ್ಪಲಿ ಕಳಚಿ, ಮಂಡಿಯೂರಿ, ಅಂಚಿಗೆ ಗಾರೆ ಮೆತ್ತಿದ. ಹೊಸದೆಂದು ತಿಳಿಯದಂತೆ ಮೇಲೆ ಸಗಣಿನೀರು, ಧೂಳು ಬಳಿದ. ಹೇಳಬೇಕಾದ ಉತ್ತರವನ್ನೂ ಬಾಯಿಪಾಠ ಮಾಡಿಕೊಂಡ.

ಹೆಂಡತಿ ಗಂಗಲಕ್ಷ್ಮಿ ಸೆರಗಿನಿಂದ ಮೂಗು ಮುಚ್ಚಿ ನೋಡುತ್ತಿದ್ದಳು. "ಅಲ್ರೀ, ಲೋಕದಾಗೆ ಎಲ್ರೂ ಗುಂಡಿ ಮುಟ್ಟಿ ಬಂದು ಸ್ನಾನ ಮಾಡ್ತಾರೆ. ನೀವು ಸ್ನಾನ ಮಾಡಿ ಗುಂಡಿ ತಾವ ಹೋಗ್ತೀರಲ್ಲ!"

"ಸೆಕೆ ಕಣೇ, ಸೆಕೆ," ಎಂದ. ಇವಳಿಗೆ ಕಂಡದ್ದು ಬೇರೆಯವರಿಗೆ ಕಾಣದೇ? ಅಂದಿನಿಂದ ಗುಂಡಿಯ ಬಳಿ ಹೋಗಿ ಬಂದ ಮೇಲೆಯೇ ಸ್ನಾನ ಮಾಡತೊಡಗಿದ. ಹಿತ್ತಿಲತ್ತ ಕೈಮುಗಿಯಹೋಗುತ್ತಿದ್ದ ಬೆರಳುಗಳನ್ನೂ ಅಂಕೆಯಲ್ಲಿಟ್ಟ. ಇನ್ನು ತನ್ನಲ್ಲಿ ತಿದ್ದಬೇಕಾದದ್ದು ಏನೂ ಉಳಿದಿಲ್ಲವೆಂದುಕೊಂಡ.

ಉರಿಬಿಸಿಲಿನ ಮಧ್ಯಾಹ್ನ ಆರೋಗ್ಯ ನಿರೀಕ್ಷಕ ಪ್ರಭು ಬಂದ. ಬೀದಿಯ ಸಾಕ್ಷಿಯಾಗಿ ಜತೆಗೆ ಬಂದವನು ಪಾತಣ್ಣ! ಕೊಟ್ಟೂರಪ್ಪ ನಗುತ್ತಲೇ ಮೊದಲ ಚಪ್ಪಡಿ ಸರಿಸಿದ.

"ಅಯ್ಯಪ್ಪಾ, ಸಾಕು ಮುಚ್ರೀ ಯಜಮಾನ್ರೇ!" ಪ್ರಭು ಕರವಸ್ತ್ರ ಹಿಡಿದು ಹಿಂದೆ ಸರಿದು, ಚಪ್ಪಡಿ ಮುಚ್ಚಿದ ಮೇಲೆ ಕೇಳಿದ: "ಮತ್ತೆ ಆ ಎರಡನೇದು?"

"ಅದನ್ನ ತೆಗಿಯಂಗಿಲ್ಲ ಸ್ವಾಮಿ. ಒಳಗೆ ಗ್ಯಾಸ್ ಐತೆ, ಜೀವಕ್ಕೆ ಅಪಾಯ ಅಂತ ಮೇಸ್ತ್ರಿ ಹೇಳವ್ನೆ."

ಪ್ರಭುವಿಗೆ ಅಷ್ಟೇ ಬೇಕಾಗಿತ್ತು. ಪಾತಣ್ಣ ಮಾತ್ರ ಗೊಣಗಿದ: "ಮನೆ ಬಾಗ್ಲಿಗೂ ಇಷ್ಟು ಭದ್ರ ಮಾಡಿಲ್ಲ ಈ ಮಹರಾಯ."

"ನಿನ್ ಪೆಟ್ಟಿಗೆಗೆ ಮಾಡಿದ್ರೆ ಆಗಿತ್ತು," ಎಂದು ಕೊಟ್ಟೂರಪ್ಪ ತಿರುಗಿ ಕುಟುಕಿದ. ಪಾತಣ್ಣನ ಮುಖ ಕಪ್ಪಿಟ್ಟಿತು. ಆ ಮುಖವನ್ನು ಕಂಡದ್ದೇ ಕೊಟ್ಟೂರಪ್ಪನಿಗೆ ಅಮೃತ ಕುಡಿದಂತಾಯಿತು.

"ಟೇಪು ಹಿಡಿದು ಆ ತುದಿಗೆ ಹೋಗ್ರಿ, ಉದ್ದ ಬರ್ಕಂಡ್ರೆ ಮುಗೀತು," ಎಂದ ಪ್ರಭು. ಗೆದ್ದವನ ಹುರುಪಿನಲ್ಲಿ ಕೊಟ್ಟೂರಪ್ಪ ಆಚೆ ತುದಿಗೆ ಹೋಗಿ ನಿಂತ. ಪ್ರಭು ಅಳತೆ ಗುರುತಿಸಿಕೊಂಡು ಹೊರಡಲನುವಾದ. ಪಾತಣ್ಣ ಕದಲಲಿಲ್ಲ. "ಲೇ ಕೊಟ್ಟೂರ," ಎಂದ ಮೆಲ್ಲನೆ, "ನೆಲ ಕೆಂಡ ಆಗೈತೆ. ಕಾಲು ಸುಡಲ್ವೇನಲೇ?" ಕೊಟ್ಟೂರಪ್ಪ ಕೆಳಗೆ ನೋಡಿದ. ಕಾಲು ಬರಿದಾಗಿತ್ತು, ಅಂಗಾಲಿಗೆ ನೆಗ್ಗಿಲುಮುಳ್ಳು ಚುಚ್ಚಿಕೊಂಡಿದ್ದವು. ಮೊದಲ ಚಪ್ಪಡಿಯನ್ನು ಚಪ್ಪಲಿಯಲ್ಲೇ ತುಳಿದು ಬಂದಿದ್ದ ಅವನ ಹೆಜ್ಜೆಗಳು ಎರಡನೆಯದನ್ನು ತುಳಿಯದೆ, ಅದನ್ನು ಬಲಕ್ಕಿಟ್ಟುಕೊಂಡು ಮುಳ್ಳುನೆಲದಲ್ಲಿ ಬಳಸಿ ಬಂದಿದ್ದವು. ಪಾತಣ್ಣನ ದೃಷ್ಟಿ ಆ ಹೆಜ್ಜೆಗಳ ಗುಂಟ ಹಿಂದಕ್ಕೆ ಸರಿದು, ಎರಡು ಚಪ್ಪಡಿಗಳ ನಡುವಿನ ಗೆರೆಯಲ್ಲಿ ನೆಟ್ಟಿತು. ಅಲ್ಲಿ, ಗುಡಿಯ ಬಾಗಿಲಲ್ಲಿ ಬಿಟ್ಟಂತೆ, ಕೊಟ್ಟೂರಪ್ಪನ ಚಪ್ಪಲಿಗಳು ಜೋಡಿಯಾಗಿ ಕುಳಿತಿದ್ದವು.

ಇದನ್ನು ಕೇಳಿದವರ ಹಿತ್ತಿಲೂ ಹೃದಯವೂ, ಯಾರು ಯಾವಾಗ ತೆರೆದು ನೋಡಿದರೂ ಅಂಜದಷ್ಟು ಹಸನಾಗಿರಲೆಂದು ಆ ತಾಯಿ ಹರಸಲಿ.